ಕಾಮಾಲೆಗೆ ಗಾಂವಟಿ ಔಷಧಿ (ಹಳ್ಳಿಮದ್ದು) ಸಾಕಾ, ಆಸ್ಪತ್ರೆಗೆ ಹೋಗಲೇಬೇಕಾ?

ನೀವು ಬರೆದದ್ದು ಇಷ್ಟು: ಅಂಕೋಲಾ ಹತ್ತಿರದ ಹಳ್ಳಿ, ಅಪ್ಪನಿಗೆ 54 ವರ್ಷ. ಗದ್ದೆ ನಾಟಿಯ ನಡುವೆ ಜ್ವರ ಶುರುವಾಗಿ ಆರು ದಿನ, ಕಣ್ಣು ಹಳದಿಯಾಗಿ ಎರಡು ದಿನ. ಜ್ವರ ಇನ್ನೂ ಬಿಟ್ಟಿಲ್ಲ, ಕಾಲಿನ ಮೀನಖಂಡ ಮುಟ್ಟಿದರೂ ನೋವು. ಒಟ್ಟು ಬಿಲಿರುಬಿನ್ 8.2, ಡೈರೆಕ್ಟ್ 6.4, ಎಸ್‌ಜಿಪಿಟಿ 96, ಎಸ್‌ಜಿಒಟಿ 118, ಆಲ್ಕಲೈನ್ ಫಾಸ್ಫಟೇಸ್ (ಪಿತ್ತದ ಹರಿವು ತಡೆದಾಗ ಏರುವ ಕಿಣ್ವ) 190. ಮೂರು ದಿನ ಖಾಲಿ ಹೊಟ್ಟೆಗೆ ಗಾಂವಟಿ ಔಷಧಿ ಕೊಡಿಸಿ ನೋಡಬಹುದಾ, ಲಿವರ್ ಹಾಳಾಗಿದೆಯಾ ಎಂದು ಕೇಳಿದ್ದೀರಿ.

ಕಾಯಬೇಡಿ. ಇವತ್ತೇ ಕಾರವಾರದ ಜಿಲ್ಲಾ ಆಸ್ಪತ್ರೆಗೋ, ಫಿಜಿಷಿಯನ್ ಇರುವ ಬೇರೆ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಇಂಥ ರಿಪೋರ್ಟ್ ಹಿಡಿದು ಬರುವವರನ್ನು ನೋಡುವುದೇ ನನ್ನ ಕೆಲಸ. ನಿಮ್ಮ ಅಪ್ಪನ ಅಂಕಿಗಳು ಸಾಮಾನ್ಯ ಕಾಮಾಲೆಯ ಅಂಕಿಗಳಲ್ಲ. ಹೇಗೆ ಎಂದು ಬಿಡಿಸಿ ಹೇಳುತ್ತೇನೆ.

ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಅವುಗಳ ಹಿಮೋಗ್ಲೋಬಿನ್‌ನಿಂದ ಹುಟ್ಟುವ ಹಳದಿ ಪದಾರ್ಥವೇ ಬಿಲಿರುಬಿನ್. ಅದು ನೀರಿನಲ್ಲಿ ಕರಗುವುದಿಲ್ಲ. ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಲಿವರ್ ಸೇರುತ್ತದೆ. ಲಿವರ್ ಕೋಶ ಅದಕ್ಕೆ ಗ್ಲುಕುರಾನಿಕ್ ಆಮ್ಲ ಜೋಡಿಸಿ, ಕರಗುವಂತೆ ಮಾಡಿ, ಪಿತ್ತದೊಳಗೆ ದೂಡುತ್ತದೆ. ಪಿತ್ತ ಕರುಳಿಗೆ ಇಳಿಯುತ್ತದೆ, ಮಲಕ್ಕೆ ಕಂದು ಬಣ್ಣ ಬರುವುದು ಅದರಿಂದ. ಜೋಡಣೆ ಆಗುವ ಮೊದಲಿನದು ಇನ್‌ಡೈರೆಕ್ಟ್, ಆದ ಮೇಲಿನದು ಡೈರೆಕ್ಟ್. ಒಟ್ಟು 1.2ರ ಒಳಗಿರಬೇಕು, 2.5ರಿಂದ 3 ದಾಟಿದರೆ ಕಣ್ಣಲ್ಲಿ ಕಾಣುತ್ತದೆ. ಹಾಗಾಗಿ ಕಣ್ಣು ಹಳದಿಯಾಗಲು ಮೂರು ದಾರಿ: ರಕ್ತಕಣ ವಿಪರೀತ ಒಡೆಯುವುದು, ಲಿವರ್ ಕೋಶಕ್ಕೆ ಪೆಟ್ಟಾಗುವುದು, ಪಿತ್ತ ಹರಿಯುವುದು ನಿಲ್ಲುವುದು. ನಿಮ್ಮ ಅಪ್ಪನಲ್ಲಿ ಹೆಚ್ಚಿರುವುದು ಡೈರೆಕ್ಟ್, ಆದ್ದರಿಂದ ಮೊದಲನೆಯದು ಮುಖ್ಯ ಕಾರಣವಲ್ಲ.

ಈಗ ಎಸ್‌ಜಿಪಿಟಿ ನೋಡಿ. ಇದು ಲಿವರ್ ಕೋಶದ ಒಳಗಿನ ಕಿಣ್ವ, ಕೋಶಕ್ಕೆ ಏಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ (ಲಿವರ್ ಉರಿಯೂತ) ಎ ಅಥವಾ ಇ ಆಗಿದ್ದರೆ ಕಾಮಾಲೆಯ ಮೊದಲ ದಿನಗಳಲ್ಲಿ ಅದು ಸಾಮಾನ್ಯವಾಗಿ 1000ದ ಆಚೆ ಇರುತ್ತದೆ. ಜೊತೆಗೆ ಆ ವೈರಸ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಇಲ್ಲಿ ಬಿಲಿರುಬಿನ್ 8 ದಾಟಿದೆ, ಎಸ್‌ಜಿಪಿಟಿ ನೂರೂ ಇಲ್ಲ, ಜ್ವರ ಹಾಗೇ ಇದೆ. ಗದ್ದೆಯ ಕೆಸರಿನಲ್ಲಿ ದುಡಿದವರಲ್ಲಿ ಈ ಹೊಂದಿಕೆ ಕಂಡರೆ ನಾನು ಮೊದಲು ಅನುಮಾನಿಸುವುದು ಇಲಿಜ್ವರವನ್ನು, ಅಂದರೆ ಲೆಪ್ಟೊಸ್ಪೈರೋಸಿಸ್. ಮೀನಖಂಡದ ನೋವು ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಕಣ್ಣು ಬರೀ ಹಳದಿಯೋ, ಹಳದಿಯ ಜೊತೆ ಕೆಂಪೂ ಇದೆಯೋ ಎಂದು ಬೆಳಕಿನಲ್ಲಿ ನೋಡಿ. ಕೀವಿಲ್ಲದ ಕೆಂಪು ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇಲಿಯ ಮೂತ್ರ ಬೆರೆತ ನೀರಿನಿಂದ ಈ ಬ್ಯಾಕ್ಟೀರಿಯಾ ಕಾಲಿನ ಒಡಕು, ಗಾಯದ ಮೂಲಕ ಒಳಗೆ ಸೇರುತ್ತದೆ. ಇದರಲ್ಲಿ ಲಿವರ್ ಕೋಶ ಹೆಚ್ಚು ಸಾಯುವುದಿಲ್ಲ, ಪಿತ್ತ ಹೊರಹಾಕುವ ಕೆಲಸ ಮಾತ್ರ ನಿಲ್ಲುತ್ತದೆ. ಗುಣವಾದ ಮೇಲೆ ಲಿವರ್ ಸಾಮಾನ್ಯವಾಗಿ ಪೂರ್ತಿ ಮೊದಲಿನಂತಾಗುತ್ತದೆ. ಜೀವಕ್ಕೆ ಅಪಾಯ ಬರುವುದು ಕಿಡ್ನಿ ಮತ್ತು ಶ್ವಾಸಕೋಶದಿಂದ. ಅದಕ್ಕೇ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ಪರೀಕ್ಷೆ), ಪೊಟ್ಯಾಶಿಯಂ, ಪ್ಲೇಟ್‌ಲೆಟ್, ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ), ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ ಇವತ್ತೇ ಆಗಬೇಕು. ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ನೆಮ್ಮದಿಯಿಂದ ಕೂರಬೇಡಿ, ಈ ರೋಗದಲ್ಲಿ ಮೂತ್ರ ಕಡಿಮೆಯಾಗದೆಯೂ ಕಿಡ್ನಿ ಕೈಕೊಡುತ್ತದೆ. ರಕ್ತದಲ್ಲಿ ಇಲಿಜ್ವರದ ವಿರುದ್ಧ ಹುಟ್ಟುವ ಪ್ರತಿಕಾಯ ಹುಡುಕುವ ಲೆಪ್ಟೊ ಐಜಿಎಂ ಪರೀಕ್ಷೆ ಮೊದಲ ಐದಾರು ದಿನ ನೆಗೆಟಿವ್ ಬರಬಹುದು, ಆದ್ದರಿಂದ ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯದೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡುತ್ತಾರೆ. ಮಲೇರಿಯಾ, ಡೆಂಗಿ ಪರೀಕ್ಷೆಯೂ ಜೊತೆಗೇ ಆಗಲಿ.

ಹೊಟ್ಟೆಯ ಸ್ಕ್ಯಾನ್ ಕೂಡ ಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಸೋಂಕಾದರೂ ಚಳಿಜ್ವರ, ಕಾಮಾಲೆ ಒಟ್ಟಿಗೇ ಬರುತ್ತವೆ. ಬಲಪಕ್ಕೆಯ ಕೆಳಗೆ ನೋವು, ಮೈ ತುರಿಕೆ, ಮಲ ಬೂದುಬಿಳಿ ಬಣ್ಣಕ್ಕೆ ತಿರುಗುವುದು ಇದರ ಗುರುತು. ಆಗ ಎಂಡೋಸ್ಕೋಪಿಯಿಂದ ಕಲ್ಲು ತೆಗೆದು ದಾರಿ ಬಿಡಿಸಬೇಕಾಗುತ್ತದೆ, ಅದಕ್ಕೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾಕ್ಕೆ ಕಳಿಸಬಹುದು. ಯಾವ ಸೊಪ್ಪಿನ ರಸವೂ ಆ ಕಲ್ಲನ್ನು ಸರಿಸುವುದಿಲ್ಲ.

ಗಾಂವಟಿ ಔಷಧಿಯಿಂದ ಗುಣವಾದವರು ಊರು ತುಂಬ ಇದ್ದಾರೆ ಎನ್ನುತ್ತೀರಿ. ನಿಜ, ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ಆಗಿದ್ದದ್ದು ಹೆಪಟೈಟಿಸ್ ಎ ಅಥವಾ ಇ, ಅದು ಯಾವ ಔಷಧಿಯೂ ಇಲ್ಲದೆ ನಾಲ್ಕಾರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕೊಟ್ಟ ಮದ್ದಿಗೆ ಹೆಸರು ಬರುತ್ತದೆ. ನೆಲನೆಲ್ಲಿ ಕಾಮಾಲೆಯನ್ನು ಬೇಗ ಗುಣಪಡಿಸುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಹೆಸರೇ ಹೇಳದ ಬೇರು, ಪುಡಿಗಳ ಬಗ್ಗೆ ನನಗೆ ಇನ್ನೂ ಹೆಚ್ಚಿನ ಭಯ. ಗರ್ಭಿಣಿಗೆ ಕಾಮಾಲೆಯಾದರಂತೂ ಒಂದು ದಿನವೂ ತಡ ಮಾಡಬಾರದು, ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಾಯಿಯ ಜೀವ ತೆಗೆಯಬಲ್ಲದು. ಕೈಗೆ ಬರೆ ಹಾಕಿಸುವುದನ್ನು ದಯವಿಟ್ಟು ಮಾಡಬೇಡಿ.

ಪಥ್ಯದ ಬಗ್ಗೆ: ಎಣ್ಣೆ, ಉಪ್ಪು, ಅರಿಶಿನ, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಿದ್ದೀರಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಅದೊಂದೇ ಸಾಲದು. ಅರಿಶಿನದ ಹಳದಿಗೂ ಕಣ್ಣಿನ ಹಳದಿಗೂ ಸಂಬಂಧವಿಲ್ಲ. ಉಪ್ಪು ಕಡಿಮೆ ಮಾಡಬೇಕಾದದ್ದು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ. ವಾಂತಿ ಇಲ್ಲದಿದ್ದರೆ ಬೇಳೆ, ಮೊಟ್ಟೆ, ಬಂಗಡೆಯ ತೆಳು ಸಾರು ಕೊಡಿ. ಬೀದಿಬದಿಯ ಕಬ್ಬಿನ ಹಾಲು ಬೇಡ, ಅದರ ಮಂಜುಗಡ್ಡೆ ಯಾವ ನೀರಿನದೋ ಯಾರಿಗೆ ಗೊತ್ತು.

ಲಿವರ್ ಹಾಳಾಗಿದೆಯಾ ಎಂಬುದಕ್ಕೆ ಎಸ್‌ಜಿಪಿಟಿ ಉತ್ತರ ಕೊಡುವುದಿಲ್ಲ. ಅದು ಏಟಿನ ಲೆಕ್ಕ, ಕೆಲಸದ ಲೆಕ್ಕವಲ್ಲ. ಕೆಲಸ ತಿಳಿಯುವುದು ಐಎನ್‌ಆರ್ ಮತ್ತು ಆಲ್ಬುಮಿನ್‌ನಿಂದ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಆಲ್ಬುಮಿನ್ನನ್ನೂ ತಯಾರಿಸುವುದು ಲಿವರ್. ಆಲ್ಬುಮಿನ್ ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಈ ಆರು ದಿನದ ಕಾಯಿಲೆಯೊಂದರಿಂದಲೇ ತೀರಾ ಕುಸಿಯುವುದಿಲ್ಲ. ಬಹಳ ಕಡಿಮೆಯಿದ್ದರೆ ಹಳೆಯ ತೊಂದರೆ, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು) ಇದೆಯೇ ಎಂದೂ ಹುಡುಕಬೇಕು. ಐಎನ್‌ಆರ್ 1.5 ದಾಟಿ, ಅಪ್ಪ ಗೊಂದಲದಲ್ಲಿ ಮಾತಾಡಿದರೆ ಅಥವಾ ಹಗಲೆಲ್ಲ ಮಂಪರಿನಲ್ಲಿದ್ದರೆ ಐಸಿಯು ಬೇಕು. ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಸಿ ಇದ್ದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ, ಔಷಧಿ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಅಪ್ಪ ವಾರಕ್ಕೊಮ್ಮೆ ಮದ್ಯ ಕುಡಿಯುತ್ತಾರೆ ಎಂದಿರಿ. ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಕುಡಿತದಿಂದಾದ ಹೆಪಟೈಟಿಸ್‌ನಲ್ಲಿ ಎಸ್‌ಜಿಒಟಿ (ಎಸ್‌ಜಿಪಿಟಿಯಂಥದೇ ಇನ್ನೊಂದು ಕಿಣ್ವ) ಸಾಮಾನ್ಯವಾಗಿ ಎಸ್‌ಜಿಪಿಟಿಯ ಎರಡು ಪಟ್ಟಿರುತ್ತದೆ, ಇಲ್ಲಿ ಹಾಗಿಲ್ಲ.

ಆಸ್ಪತ್ರೆ ಮುಟ್ಟುವವರೆಗೆ ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ಕೊಡಬೇಡಿ, ಕಿಡ್ನಿಗೆ ಕೆಟ್ಟದ್ದು. ಜ್ವರ ಏರಿದರೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಒಂದು ಮಾತ್ರೆ, ದಿನಕ್ಕೆ ನಾಲ್ಕನ್ನು ಮೀರದಂತೆ.

ಅದೇ ಗದ್ದೆಯಲ್ಲಿ ನಾಟಿ ಮಾಡಿದ ಉಳಿದವರನ್ನೂ ವಿಚಾರಿಸಿ. ಇಲಿಜ್ವರ ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ, ಕೆಲವೊಮ್ಮೆ ತಿಂಗಳ ತನಕವೂ ಕಾಣಿಸಿಕೊಳ್ಳುತ್ತದೆ. ಜ್ವರ, ಮೀನಖಂಡದ ನೋವು ಇದ್ದವರು ಕಣ್ಣು ಹಳದಿಯಾಗುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಆ ಹಂತದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ಮುಗಿಯಬಹುದು. ಕಾಲಲ್ಲಿ ಗಾಯ ಇರುವವರು ಅದು ಒಣಗುವವರೆಗೆ ಕೆಸರಿಗೆ ಇಳಿಯದಿರಲಿ, ಇಳಿಯಲೇಬೇಕಾದರೆ ಗಮ್‌ಬೂಟ್ ಹಾಕಿಕೊಳ್ಳಲಿ.