ಬಂದೂಕು ಇಟ್ಟದ್ದು ಸರಿ, ಸಂವಿಧಾನ ಯಾಕೆ ಬದಲಾಯಿಸ್ಬೇಕಿತ್ತು?

ಪೆರ್ಲದ ಮಾಷ್ಟ್ರಿಗೆ ನಮಸ್ಕಾರ.

ನೇಪಾಳ ಸರಕಾರಕ್ಕೂ ದಂಗೆ ಎದ್ದ ಮಾವೋವಾದಿಗಳಿಗೂ ಆದ ಶಾಂತಿ ಒಪ್ಪಂದದ ಬಗ್ಗೆ ನಾವು ಹಾಕಿದ ಲೇಖನ ಓದಿ ನೀವು ಬರೆದ ಪತ್ರ ಸಿಕ್ಕಿತು. ಮಾವೋವಾದಿಗಳು ಬಂದೂಕು ಕೆಳಗಿಟ್ಟಾಗ್ಲೇ ಕೆಲಸ ಮುಗೀತಲ್ಲ, ಮತ್ತೆ ಹೊಸ ಸಂವಿಧಾನ ಅಂತ ಒಂಬತ್ತು ವರ್ಷ ಎಳೆದಾಡಿದ್ದು ಎಂತಕ್ಕೆ, ದಂಗೆ ಎದ್ದವರ ಕೈಗೆ ಲಕ್ಷಗಟ್ಲೆ ದುಡ್ಡು ಬೇರೆ ಕೊಟ್ಟದ್ದು ಸರಿಯಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದಕ್ಕೇ ಬರೀತೇನೆ.

2006ರ ನವೆಂಬರಲ್ಲಿ ಒಪ್ಪಂದ ಆದ ಮೇಲೆ ಅವರು ಬಂದೂಕು ತಂದು ಸರಕಾರಕ್ಕೆ ಒಪ್ಪಿಸಿದ್ದಲ್ಲ ಮಾಷ್ಟ್ರೇ. 7 ದೊಡ್ಡ ಶಿಬಿರ, ಅದಕ್ಕೆ ಸೇರಿದ 21 ಸಣ್ಣ ಶಿಬಿರ, ದೊಡ್ಡ ಶಿಬಿರಗಳಲ್ಲಿ ಕಬ್ಬಿಣದ ಕಂಟೈನರ್, ಬಂದೂಕುಗಳನ್ನು ಲೆಕ್ಕ ಬರೆದು ಅದರೊಳಗಿಟ್ಟು ಬೀಗ ಹಾಕಿದ್ರು, ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ರವೇ, ಕಣ್ಣಿಡುವ ಕೆಲಸ ವಿಶ್ವಸಂಸ್ಥೆಯದ್ದು. ಸೈನ್ಯವೂ ಅಷ್ಟೇ ಸಂಖ್ಯೆಯ ಆಯುಧ ಹಾಗೇ ಬೀಗ ಹಾಕಿ ಇಡ್ಬೇಕಾಯ್ತು. ಅಂದ್ರೆ ಯಾರೂ ಸೋತು ಶರಣಾಗಿರ್ಲಿಲ್ಲ. ಹತ್ತು ವರ್ಷ ಹೊಡೆದಾಡಿ 13 ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, ತಾವು ಕೇಳಿದ, ಹೊಸ ಸಂವಿಧಾನ ಬರೆಯುವ ಸಂವಿಧಾನ ಸಭೆ ಬರ್ತದಾ ನೋಡುವ ಅಂತ ಕಾದು ಕೂತವರು ಅವರು. 2007ರ ಜನವರಿ 15ಕ್ಕೆ, ಹೊಸದು ಬರುವ ತನಕ ಅಂತ ಮಧ್ಯಂತರ ಸಂವಿಧಾನ ಜಾರಿಯಾಗಿ ಅವರಿಗೆ ಪಾರ್ಲಿಮೆಂಟಲ್ಲಿ 83 ಸೀಟು ಸಿಕ್ಕಿತು, ಅದೇ ವಾರ ಆಯುಧಗಳ ನೋಂದಣಿ ಶುರು. ಬರೀ ಬಂದೂಕು ಇಡಿ ಅಂತ ಮಾತ್ರ ಹೇಳಿದ್ರೆ ಆ ಬೀಗ ಹೆಚ್ಚು ದಿನ ನಿಲ್ತಿರ್ಲಿಲ್ಲ ಅಂತ ನನ್ಗೆ ಕಾಣ್ತದೆ.

ಆದ್ರೆ ನನ್ಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಉಂಟು. ಒಪ್ಪಂದಕ್ಕೆ ಸಹಿ ಹಾಕಿದ್ದು ಬಂದೂಕು ಇದ್ದ ಎರಡು ಕಡೆಯವರು. ಭಾರತದ ಗಡಿಗೆ ತಾಗಿದ ಬಯಲು ಸೀಮೆ ತರಾಯಿಯ ಮಧೇಶಿಗಳು ಅದರಲ್ಲಿ ಎಲ್ಲಿದ್ರು? ಮೈಥಿಲಿ, ಭೋಜ್‌ಪುರಿ ಮಾತಾಡುವ ಜನ, ಗಡಿ ದಾಟಿದ್ರೆ ಬಿಹಾರದಲ್ಲಿ ನೆಂಟರು, ಕಾಠ್ಮಂಡುವಿನ ಎಷ್ಟೋ ಜನರ ಕಣ್ಣಿಗೆ ಹೊರಗಿನವರು. ಮಧ್ಯಂತರ ಸಂವಿಧಾನದಲ್ಲಿ ಪ್ರಾಂತ್ಯಗಳಿಗೆ ಅಧಿಕಾರ ಹಂಚುವ ಒಕ್ಕೂಟ ವ್ಯವಸ್ಥೆಯ ಸುದ್ದಿಯೇ ಇಲ್ಲ ಅಂತ ಅದರ ಪ್ರತಿ ಸುಟ್ಟು ಬೀದಿಗಿಳಿದ್ರು, ತರಾಯಿಯ ಲಹಾನ್ ಪೇಟೆಯಲ್ಲಿ ಒಬ್ಬ ಹುಡುಗ ಗುಂಡೇಟಿಗೆ ಸತ್ತ, ಕೆಲವೇ ತಿಂಗ್ಳಲ್ಲಿ ತಿದ್ದುಪಡಿ ಆಯ್ತು. ಗಡಿಯಲ್ಲಿ ಕೂತ ನಮ್ಗೆ ಇದು ಬೇಗ ಅರ್ಥ ಆಗ್ಬೇಕು. 1956ರಲ್ಲಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ ಇಲ್ಲಿಯ ಕನ್ನಡಿಗರ ಕೈಗೆ ಸಿಕ್ಕಿದ್ದು ಎಂತ? ನಮ್ಮ ದೇಶದ ಸಂವಿಧಾನಕ್ಕೆ ಅದೇ ವರ್ಷ ಆದ 7ನೇ ತಿದ್ದುಪಡಿಯಲ್ಲಿ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರೈಮರಿಯಲ್ಲಿ ತಾಯಿನುಡಿಯಲ್ಲೇ ಪಾಠ ಅಂತ. ನೀವು ಕನ್ನಡ ಮೀಡಿಯಂ ಕ್ಲಾಸಲ್ಲಿ ಪಾಠ ಮಾಡಿದವರು, ಕನ್ನಡ ಬಾರದ ಟೀಚರನ್ನು ಅಲ್ಲಿಗೆ ಹಾಕಿದಾಗ ಮಕ್ಕಳ ಅಪ್ಪ ಅಮ್ಮ ಯಾವ ಕಾನೂನು ಹಿಡ್ಕೊಂಡು ಹೋಗ್ತಾರೆ ಅಂತ ನಾನು ಹೇಳ್ಬೇಕಾ?

ದುಡ್ಡಿನ ವಿಷಯ. ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿದ ಹೋರಾಟಗಾರರು 19,602. ಸೈನ್ಯಕ್ಕೆ ಸೇರಿದ್ದು 1,400 ಚಿಲ್ಲರೆ, ಉಳಿದವರಲ್ಲಿ ಹೆಚ್ಚಿನವರು 5ರಿಂದ 8 ಲಕ್ಷ ನೇಪಾಳಿ ರೂಪಾಯಿ ತಕೊಂಡು ಊರಿಗೆ ಹೋದ್ರು. ಯುದ್ಧ ಬಿಟ್ರೆ ಬೇರೆ ಕಸುಬು ಕಲಿಯದವರು ಪುನಃ ಕಾಡು ಸೇರದ ಹಾಗೆ ಮಾಡ್ಲಿಕ್ಕೆ ಅದು ಬೇಕಿತ್ತು. ನನ್ಗೆ ಸಂಕಟ ಆಗುವುದು ಇನ್ನೊಂದು ಗುಂಪಿನ ಬಗ್ಗೆ. ಸುಮಾರು 4 ಸಾವಿರ ಜನರನ್ನು ಅನರ್ಹರು ಅಂತ 2010ರಲ್ಲಿ ಶಿಬಿರದಿಂದ ಹೊರಗೆ ಕಳಿಸಿದ್ರು, ಅದರಲ್ಲಿ ಹೆಚ್ಚಿನವರು ಯುದ್ಧ ನಿಲ್ಲುವಾಗ ಇನ್ನೂ 18 ತುಂಬದವರು. ಟ್ರೈನಿಂಗ್ ಕೊಡ್ತೇವೆ ಅಂದ್ರು, ಇಡುಗಂಟು ಮಾತ್ರ ಸಿಗ್ಲಿಲ್ಲ. ಮಕ್ಕಳ ಕೈಗೆ ಬಂದೂಕು ಕೊಟ್ಟವರು ಮಂತ್ರಿಗಳಾದ್ರು, ಮಕ್ಕಳು ಬರಿಗೈಯಲ್ಲಿ ಹೋದ್ರು.

ಒಂಬತ್ತು ವರ್ಷ ಹೆಚ್ಚಾಯ್ತು, ಒಪ್ತೇನೆ. ಮೊದಲ ಸಂವಿಧಾನ ಸಭೆ ಎರಡು ವರ್ಷದ ಕೆಲಸಕ್ಕೆ ನಾಲ್ಕು ವರ್ಷ ತಕೊಂಡು 2012ರಲ್ಲಿ ಏನೂ ಮುಗಿಸದೆ ವಿಸರ್ಜನೆ ಆಯ್ತು. ಆದ್ರೆ ಮತ್ತೆ ಬಂದ ಎರಡನೇ ಸಭೆ 2015ರ ಭೂಕಂಪ ಆದ ನಂತರ ಗಡಿಬಿಡಿಯಲ್ಲಿ ಸಂವಿಧಾನ ಮುಗಿಸಿ ಸೆಪ್ಟೆಂಬರ್ 20ಕ್ಕೆ ಜಾರಿ ಮಾಡಿದ್ದು ಉಂಟಲ್ಲ, ಆಗ ಪ್ರಾಂತ್ಯಗಳ ಗಡಿ ಎಳೆದ ರೀತಿ ಒಪ್ಪದ ಮಧೇಶಿಗಳ, ತರಾಯಿಯವರೇ ಆದ ಥಾರು ಜನರ ಪ್ರತಿಭಟನೆಯಲ್ಲಿ 40ಕ್ಕೂ ಹೆಚ್ಚು ಜೀವ ಹೋಯ್ತು, ಭಾರತದ ಕಡೆಯ ಗಡಿ ತಿಂಗಳುಗಟ್ಲೆ ಬಂದ್, ಗ್ಯಾಸಿಗೂ ಪೆಟ್ರೋಲಿಗೂ ಪರದಾಟ. ಹಾಗಾಗಿ ತಡ ಆದದ್ದಕ್ಕಿಂತ, ಕೊನೆಗೆ ಅಷ್ಟು ಜನರನ್ನು ಬಿಟ್ಟು ಮುಗಿಸಿದ್ದರ ಬಗ್ಗೆಯೇ ನನ್ನ ತಕರಾರು. 2016ರ ಜನವರಿಯಲ್ಲೇ ಮೊದಲ ತಿದ್ದುಪಡಿ ತರ್ಬೇಕಾಯ್ತು, ಪ್ರಾಂತ್ಯಗಳ ಗಡಿಯ ಜಗಳ ಅದರಲ್ಲೂ ಇತ್ಯರ್ಥ ಆಗ್ಲಿಲ್ಲ.

- ಸಂ.