ಬರಹಗಾರರಿಗೆ ಸಲಹೆ: ಆಲ್ಬಮ್ ಕ್ಲಾಸಿಕ್ ಅನ್ನುವುದಕ್ಕೆ ಸಾಕ್ಷಿ ಎಲ್ಲಿ?

ಆತ್ಮೀಯರೇ,

ಅಮೆರಿಕದ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಯಾಕೆ ಕ್ಲಾಸಿಕ್ ಎಂದು ವಿವರಿಸುವ ನಿಮ್ಮ ಲೇಖನ ಓದಿದೆವು. 1959ರ ಒಂದು ಜಾಝ್ ಆಲ್ಬಮ್ಮಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನಿಸಿದ್ದೇ ನಮಗೆ ಖುಷಿ ಕೊಟ್ಟಿತು. ಆದರೆ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಯಾಕೆಂದು ನೇರವಾಗಿಯೇ ಹೇಳುತ್ತೇವೆ.

ಲೇಖನದ ಅರ್ಧ ಭಾಗ ಮಾರಾಟದ ಅಂಕಿ, ‘ಶ್ರೇಷ್ಠ ಆಲ್ಬಮ್’ ಪಟ್ಟಿಗಳು ಮತ್ತು 2009ರಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆ ಅಂಗೀಕರಿಸಿದ ಗೌರವ ನಿರ್ಣಯಕ್ಕೆ ಹೋಗಿದೆ. ಉಳಿದರ್ಧದಲ್ಲಿ ‘ಅಜರಾಮರ’, ‘ಮಾಂತ್ರಿಕ’, ‘ಕಾಲಾತೀತ’ ಎಂಬ ಮಾತುಗಳೇ ತುಂಬಿವೆ. ಓದಿ ಮುಗಿಸಿದವರಿಗೆ ಆ ರೆಕಾರ್ಡಿನಲ್ಲಿ ಏನು ಕೇಳಿಸುತ್ತದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಬಿರುದು, ಬಹುಮಾನ, ಮಾರಾಟ ಎಲ್ಲ ಆಲ್ಬಮ್ ಗೆದ್ದ ಮೇಲೆ ಬಂದವು. ಗೆದ್ದದ್ದು ಯಾಕೆ ಎಂದು ತಿಳಿಯಬೇಕಾದರೆ ಎರಡೇ ಕಡೆ ಹುಡುಕಬೇಕು: ಒಂದು ಧ್ವನಿಮುದ್ರಿಕೆಯ ಒಳಗೆ, ಇನ್ನೊಂದು ಅದನ್ನು ಕೇಳಿದ ಸಂಗೀತಗಾರರು ಆಮೇಲೆ ಮಾಡಿದ ಕೆಲಸದಲ್ಲಿ.

ಮೊದಲ ತುಣುಕು ‘ಸೋ ವಾಟ್’ ಅನ್ನೇ ತೆಗೆದುಕೊಳ್ಳಿ. ಪಿಯಾನೊ ಮತ್ತು ಬೇಸ್ ಸುಮಾರು ಅರ್ಧ ನಿಮಿಷ ಲಯವಿಲ್ಲದೆ ತಡವರಿಸಿದ ಹಾಗೆ ನುಡಿಯುತ್ತವೆ. ಆಮೇಲೆ ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರಿಸುತ್ತಾರೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಹಿಂದೆ ನಿಂತು ಆಧಾರ ಕೊಡುವ ವಾದ್ಯಕ್ಕೆ ಇಲ್ಲಿ ಮುಖ್ಯ ಧಾಟಿಯೇ ಸಿಕ್ಕಿದೆ. ಒಂದು ನಿಮಿಷದ ಆಸುಪಾಸಿನಲ್ಲಿ ಇಡೀ ಧಾಟಿ ಅರ್ಧ ಸ್ವರ ಮೇಲಕ್ಕೇರಿ, ಎಂಟು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಅಲ್ಲಿದ್ದು ಕೆಳಗಿಳಿಯುತ್ತದೆ. ಒಂದೂವರೆ ನಿಮಿಷಕ್ಕೆ ಡೇವಿಸ್ ತುತ್ತೂರಿ ಎತ್ತುವ ಹೊತ್ತಿಗೆ ಸರಿಯಾಗಿ ಡ್ರಮ್ಸ್‌ನಲ್ಲಿದ್ದ ಜಿಮ್ಮಿ ಕಾಬ್ ಸಿಂಬಲ್‌ಗೆ ಬಲವಾದ ಒಂದು ಏಟು ಕೊಡುತ್ತಾರೆ. ಆ ನಾದ ಆರುವ ಮೊದಲೇ, ಅದರ ಮೇಲೆಯೇ, ತುತ್ತೂರಿಯ ಮೊದಲ ಮಾತುಗಳು ಬರುತ್ತವೆ. ಈ ಒಂದೂವರೆ ನಿಮಿಷವನ್ನು ಓದುಗರಿಗೆ ಕೇಳಿಸಿದರೆ ‘ಮಾಂತ್ರಿಕ’ ಅನ್ನುವ ಪದವೇ ಬೇಕಾಗುವುದಿಲ್ಲ.

ಇನ್ನು ಮೋಡಲ್ ಪದ್ಧತಿಯ, ಅಂದರೆ ಒಂದೊಂದು ಸ್ಕೇಲ್ (ಸ್ವರಶ್ರೇಣಿ) ಹಿಡಿದು ಬಹಳ ಹೊತ್ತು ನುಡಿಸುವ ಕ್ರಮದ ವಿಚಾರ. ‘ಇದು ನಮ್ಮ ಗ್ರಹಭೇದವೇ’ ಎಂದು ಬರೆದಿದ್ದೀರಿ. ಅಲ್ಲ. ‘ಸೋ ವಾಟ್’ 32 ಬಾರ್‌ಗಳ ರಚನೆ. 16 ಬಾರ್ ಡಿ ಡೋರಿಯನ್, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಡಿ. ಡೋರಿಯನ್ ಎಂದರೆ ಸ್ವರಗಳ ಮಟ್ಟಿಗೆ ಖರಹರಪ್ರಿಯ, ಹಿಂದೂಸ್ತಾನಿಯಲ್ಲಿ ಕಾಫಿ ಥಾಟ್. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇರುತ್ತವೆ, ಷಡ್ಜ ಮಾತ್ರ ಜಾಗ ಬದಲಿಸುತ್ತದೆ. ಇಲ್ಲಿ ಷಡ್ಜದ ಜೊತೆಗೆ ಎಲ್ಲ ಸ್ವರಗಳೂ ಮೇಲೇರುತ್ತವೆ. ತಂಬೂರಿ ಇಟ್ಟುಕೊಂಡು ನುಡಿಸುವುದಾದರೆ ಶ್ರುತಿಯನ್ನೇ ಎರಡರಿಂದ ಎರಡೂವರೆಗೆ ಏರಿಸಬೇಕು. ಗ್ರಹಭೇದದ ಮಾತು ಬೇಕೇ ಬೇಕೆಂದಿದ್ದರೆ ರೆಕಾರ್ಡಿನ ಎರಡನೇ ಬದಿಗೆ ಹೋಗಿ. ‘ಆಲ್ ಬ್ಲೂಸ್’ ಶುರುವಾಗುವುದು ಜಿ ಮಿಕ್ಸೊಲಿಡಿಯನ್‌ನಲ್ಲಿ, ಅಂದರೆ ಹರಿಕಾಂಭೋಜಿಯ ಸ್ವರಗಳಲ್ಲಿ. ಡಿ ಖರಹರಪ್ರಿಯದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಸಿಗುವುದು ಅದೇ. ಅಷ್ಟಾಗಿಯೂ ‘ಇವರು ರಾಗ ನುಡಿಸಿದರು’ ಎಂದು ಬರೆಯಬೇಡಿ. ಗಾಂಧಾರಕ್ಕೆ ಗಮಕವಿಲ್ಲ, ಜೀವಸ್ವರವಿಲ್ಲ, ಸಂಚಾರದ ಕಟ್ಟುಪಾಡಿಲ್ಲ. ಮೇಳ, ಅಂದರೆ ಸ್ವರಗಳ ಗುಂಪು, ಒಂದೇ ಇರಬಹುದು, ರಾಗ ಬೇರೆ ಮಾತು. ಅಂದಿನ ಬಿಬಾಪ್ ಎಂಬ ಜಾಝ್ ಶೈಲಿಯಲ್ಲಿ ಬಾರ್‌ಗೊಮ್ಮೆ, ಕೆಲವೊಮ್ಮೆ ಅರ್ಧ ಬಾರ್‌ಗೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾಗುತ್ತಿತ್ತು. ವಾದಕರು ಅದರ ಹಿಂದೆ ಓಡಬೇಕಿತ್ತು. ಇಲ್ಲಿ 16 ಬಾರ್ ಒಂದೇ ನೆಲೆ ಸಿಕ್ಕಿದ್ದರಿಂದ ಸ್ವರ ಹಿಡಿದು ನಿಲ್ಲಲು, ಸುಮ್ಮನಿರಲು ಅವಕಾಶವಾಯಿತು. ನಿಮ್ಮ ಲೇಖನದ ಬೆನ್ನೆಲುಬು ಇದೇ ಆಗಬೇಕು. ಆದರೆ ‘ಜಾಝ್ ಇತಿಹಾಸದಲ್ಲೇ ಮೊದಲು’ ಅನ್ನಬೇಡಿ. ಹಿಂದಿನ ವರ್ಷ, 1958ರಲ್ಲೇ, ಡೇವಿಸ್ ‘ಮೈಲ್‌ಸ್ಟೋನ್ಸ್’ನಲ್ಲಿ ಈ ದಾರಿ ಹಿಡಿದಿದ್ದರು.

‘ಎಲ್ಲವನ್ನೂ ಒಂದೇ ಟೇಕ್‌ನಲ್ಲಿ, ಒಂದೇ ದಿನ ಮುಗಿಸಿದರು’ ಎಂಬ ಕಥೆಯನ್ನೂ ತೆಗೆಯಿರಿ. ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನಲ್ಲಿ, ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋದಲ್ಲಿ. ಮಾರ್ಚ್ 2ರಂದು ಮೊದಲ ಬದಿಯ ಮೂರು ತುಣುಕು, ಏಪ್ರಿಲ್ 22ರಂದು ಎರಡನೇ ಬದಿಯ ಎರಡು. ‘ಫ್ಲಮೆಂಕೊ ಸ್ಕೆಚಸ್’ಗೆ ಪೂರ್ತಿಯಾದ ಟೇಕ್‌ಗಳೇ ಎರಡಿವೆ, ಮೊದಲನೆಯದು ಮೂಲ ಆಲ್ಬಮ್ಮಿಗೆ ಬರಲಿಲ್ಲ. ‘ಬ್ಲೂ ಇನ್ ಗ್ರೀನ್’ ಡೇವಿಸ್ ರಚನೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ತಮ್ಮದು ಎಂದು ಪಿಯಾನೊ ವಾದಕ ಬಿಲ್ ಎವನ್ಸ್ ಹೇಳಿದ್ದರು. ಆ ಮಾತನ್ನು ಬಿಡುವುದು ನ್ಯಾಯವಲ್ಲ. ‘ಫ್ರೆಡ್ಡಿ ಫ್ರೀಲೋಡರ್’ನಲ್ಲಿ ಪಿಯಾನೊ ನುಡಿಸಿದವರು ಎವನ್ಸ್ ಅಲ್ಲ, ವಿಂಟನ್ ಕೆಲಿ. ನೇರ ಬ್ಲೂಸ್‌ಗೆ ಕೆಲಿಯ ಬೆರಳು, ಉಳಿದ ನಾಲ್ಕಕ್ಕೆ ಎವನ್ಸ್‌ರ ಮೆದು ಸ್ಪರ್ಶ: ಈ ಆಯ್ಕೆಯೂ ಆಲ್ಬಮ್ಮಿನ ಗುಣವನ್ನು ತೀರ್ಮಾನಿಸಿದೆ.

ನೀವು ಕೇಳಿದ್ದು ಯಾವ ಮುದ್ರಣ ಎಂದೂ ಬರೆಯಬೇಕು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಹೀಗಾಗಿ ದಶಕಗಳ ಕಾಲ ಜನ ಕೇಳಿದ ಮೊದಲ ಬದಿ ತುಸು ಮೇಲಿನ ಶ್ರುತಿಯಲ್ಲಿತ್ತು. 1990ರ ದಶಕದಲ್ಲಿ, ಅಂದು ಜೊತೆಗೇ ಓಡಿದ್ದ ಇನ್ನೊಂದು ಯಂತ್ರದ ಟೇಪ್ ಬಳಸಿ ಇದನ್ನು ಸರಿಪಡಿಸಿದರು. ಹಳೆಯ ರೆಕಾರ್ಡ್ ಹಾಕಿ ಕೀಬೋರ್ಡಿನಲ್ಲಿ ಡಿ ಒತ್ತಿದರೆ ಕೂಡುವುದಿಲ್ಲ. ಶ್ರುತಿಯ ಬಗ್ಗೆ ಬರೆಯುವವರು ಇದನ್ನು ತಿಳಿದಿರಲೇಬೇಕು.

ಆಲ್ಬಮ್ ಎಂಬ ಪದಕ್ಕೆ ನೀವು ಲಕ್ಷ್ಯವನ್ನೇ ಕೊಟ್ಟಿಲ್ಲ. ಒಳ್ಳೆಯ ಹಾಡುಗಳ ಗುಚ್ಛಕ್ಕೂ ಒಂದು ಆಲ್ಬಮ್ಮಿಗೂ ವ್ಯತ್ಯಾಸವಿದೆ, ಅದನ್ನು ಪರೀಕ್ಷಿಸುವುದು ಸುಲಭ: ಕ್ರಮ ಕಲಕಿ ಕೇಳಿ. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಕಾಶ್ಮೀರದ ಕುರಿಗಾಹಿಯ ಒಂದು ದಿನವನ್ನು ಕಟ್ಟಿಕೊಟ್ಟಿದ್ದಾರೆ, ಬೆಳಗಿನ ಅಹೀರ್ ಭೈರವ್‌ನಿಂದ ಹೊರಟು ಕೊನೆಗೆ ಪಹಾಡಿ ತಲುಪುತ್ತದೆ. ಅದನ್ನು ಹಿಂದುಮುಂದು ಮಾಡಿದರೆ ಇಡೀ ದಿನವೇ ಕೆಡುತ್ತದೆ. ‘ಕೈಂಡ್ ಆಫ್ ಬ್ಲೂ’ನಲ್ಲಿ ಕಥೆ ಇಲ್ಲ, ಆದರೆ ಐದೇ ತುಣುಕಿನ 45 ನಿಮಿಷ ಕ್ರಮೇಣ ಸಡಿಲವಾಗುತ್ತಾ ಹೋಗುತ್ತದೆ. ಕೊನೆಯ ‘ಫ್ಲಮೆಂಕೊ ಸ್ಕೆಚಸ್’ಗೆ ಬರೆದಿಟ್ಟ ಧಾಟಿಯೇ ಇಲ್ಲ, ಐದು ಸ್ಕೇಲ್‌ಗಳು ಮಾತ್ರ, ಒಂದೊಂದರಲ್ಲಿ ಎಷ್ಟು ಹೊತ್ತು ಇರಬೇಕೆಂಬುದು ವಾದಕರ ಇಷ್ಟ.

ನಂತರದ ಪ್ರಭಾವಕ್ಕೆ ‘ಅನೇಕರಿಗೆ ಸ್ಫೂರ್ತಿ’ ಎಂದರೆ ಸಾಲದು. ಈ ಆಲ್ಬಮ್ಮಿನಲ್ಲೇ ಸ್ಯಾಕ್ಸೊಫೋನ್ ನುಡಿಸಿದ ಜಾನ್ ಕೋಲ್ಟ್ರೇನ್ ಮುಂದೆ ‘ಇಂಪ್ರೆಷನ್ಸ್’ ಎಂಬ ರಚನೆಗೆ ‘ಸೋ ವಾಟ್’ನ 32 ಬಾರ್ ಚೌಕಟ್ಟನ್ನು, ಅದೇ ಎರಡು ಸ್ಕೇಲ್‌ಗಳನ್ನು ಹಾಗೆಯೇ ಬಳಸಿಕೊಂಡರು. ಅದೇ ಕೋಲ್ಟ್ರೇನ್ 1959ರ ಮೇ ತಿಂಗಳಲ್ಲಿ ‘ಜೈಂಟ್ ಸ್ಟೆಪ್ಸ್’ ಧ್ವನಿಮುದ್ರಿಸಿದರು, ಕಾರ್ಡ್‌ಗಳು ಉಸಿರು ಬಿಡಲೂ ಬಿಡದ ಹಾಗೆ ಬದಲಾಗುವ ಸಂಗೀತ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿಸಿ ಬರೆದರೆ ಡೇವಿಸ್ ಏನನ್ನು ಬಿಟ್ಟುಕೊಟ್ಟರು, ಏನನ್ನು ಪಡೆದರು ಎಂಬುದು ಜಾಝ್ ಕೇಳದವರಿಗೂ ತಿಳಿಯುತ್ತದೆ.

ಮಾರಾಟದ ಭಾಗವನ್ನು ಒಂದು ವಾಕ್ಯಕ್ಕೆ ಇಳಿಸಿ, ‘ಸೋ ವಾಟ್’ನಿಂದ ಶುರು ಮಾಡಿ, 1,200 ಪದಗಳೊಳಗೆ ತಿದ್ದಿ ಕಳಿಸಿ. ಪ್ರತಿ ಉಲ್ಲೇಖದ ಪಕ್ಕದಲ್ಲಿ ನಿಮಿಷ-ಸೆಕೆಂಡ್ ಹಾಕಿರಿ. ನಾವೂ ರೆಕಾರ್ಡ್ ಹಾಕಿಕೊಂಡೇ ಓದುತ್ತೇವೆ.