‘ಅದಿರಲಿ’ ಎಂದು ನೀವು ದಾಟಿಹೋದ ಪ್ಯಾರಾ

ಪ್ರಿಯ ಬರಹಗಾರರೇ,

‘ಕರಾಟೆ: ಸಮರಕಲೆಯೋ, ಕ್ರೀಡೆಯೋ?’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಈ ಮಾತನ್ನು ಕೊನೆಯವರೆಗೆ ಎಳೆದು ನಿಮ್ಮನ್ನು ಕಾಯಿಸುವುದು ಸರಿಯಲ್ಲವೆಂದು ಮೊದಲೇ ಹೇಳುತ್ತಿದ್ದೇನೆ. ತಿರಸ್ಕರಿಸುವ ಲೇಖನಗಳಿಗೆ ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಹೋಗುತ್ತದೆ. ನಿಮಗೆ ಉದ್ದದ ಪತ್ರ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಏಳನೆಯ ಪುಟದ ಒಂದು ಪ್ಯಾರಾ. ಅದಕ್ಕೆ ಬರುವ ಮೊದಲು ಒಂದಿಷ್ಟು ಕಸ ಗುಡಿಸಬೇಕಾಗಿದೆ.

ಮೊದಲ ನಾಲ್ಕು ಪುಟಗಳನ್ನು ಪೂರ್ತಿಯಾಗಿ ತೆಗೆದುಬಿಡಿ. ಅಲ್ಲಿರುವುದು ನೀವು ಕಂಡದ್ದೂ ಅಲ್ಲ, ಹುಡುಕಿ ತಿಳಿದದ್ದೂ ಅಲ್ಲ. ಎಲ್ಲರ ಬಾಯಲ್ಲೂ ತಿರುಗಿ ಸವೆದುಹೋದ ಕಥೆಗಳು. ಈಗ ಜಪಾನಿಗೆ ಸೇರಿರುವ ಓಕಿನಾವಾ ದ್ವೀಪದ ಬಡ ರೈತರು ಸಮುರಾಯ್‌ಗಳ ಕತ್ತಿಗೆ ಎದೆಯೊಡ್ಡಿ ಬರಿಗೈ ಕಲೆಯನ್ನು ಕಟ್ಟಿದರು, ಕುದುರೆಯ ಮೇಲಿದ್ದವನನ್ನು ಹಾರಿ ಒದ್ದು ಕೆಡವಿದರು ಎಂದು ಬರೆದಿದ್ದೀರಿ. ಹೆಸರು ಉಳಿದಿರುವ ಹಳೆಯ ಗುರುಗಳನ್ನು ಒಬ್ಬೊಬ್ಬರಾಗಿ ನೋಡುತ್ತಾ ಹೋಗಿ. ಅವರಲ್ಲಿ ಹೆಚ್ಚಿನವರು ಆ ದ್ವೀಪವನ್ನಾಳುತ್ತಿದ್ದ ರ‍್ಯೂಕ್ಯೂ ರಾಜ್ಯದ ‘ಪೇಚಿನ್’ ಎಂಬ ಅಧಿಕಾರಿ ವರ್ಗಕ್ಕೆ ಸೇರಿದವರು. ಮತ್ಸುಮುರಾ ಸೋಕೊನ್ ರಾಜರ ಅಂಗರಕ್ಷಕರಾಗಿದ್ದವರು. 1609ರಲ್ಲಿ ಜಪಾನಿನ ಸತ್ಸುಮಾ ಪ್ರಾಂತದ ಸೇನೆ ದ್ವೀಪವನ್ನು ಗೆದ್ದದ್ದು ನಿಜ. ಆದರೆ ಅದರಿಂದ ನೇರವಾಗಿ ಹಾರುವ ರೈತನಿಗೆ ಜಿಗಿಯಲು ಆಧಾರವಿಲ್ಲ.

ಬೋಧಿಧರ್ಮನ ವಿಷಯವೂ ಹೀಗೆಯೇ. ದಕ್ಷಿಣ ಭಾರತದ ರಾಜಕುಮಾರ ಚೀನಾದ ಬೌದ್ಧಮಠ ಶಾವೊಲಿನ್‌ಗೆ ಹೋಗಿ ಕಲಿಸಿದ್ದೇ ಕರಾಟೆಯ ಬೀಜ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ ಅವನನ್ನು ಈ ಅಂಗಸಾಧನೆಗೆ ತಳುಕು ಹಾಕುವ ಚೀನೀ ಗ್ರಂಥ 17ನೇ ಶತಮಾನದ್ದು, ಅವನು ಬದುಕಿದ್ದನೆನ್ನುವ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಚೀನಾದ ಫುಜಿಯಾನ್ ಪ್ರಾಂತಕ್ಕೂ ಓಕಿನಾವಾಕ್ಕೂ ನಡುವೆ ವ್ಯಾಪಾರದ, ವಿದ್ಯೆಯ ನಂಟು ಇತ್ತು ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿದೆ. ಹಿಗಾವೊನ್ನಾ ಕಾನ್‌ರ‍್ಯೋ ಅವರಂಥವರು ಫುಜೌ ನಗರಕ್ಕೆ ಹೋಗಿ ಕಲಿತು ಬಂದರು. ಅದನ್ನು ಬರೆಯಬಹುದಿತ್ತು. ಬಿಳಿ ಬೆಲ್ಟ್ ಬೆವರು, ಮಣ್ಣು ಕುಡಿದು ವರ್ಷಗಳಲ್ಲಿ ಕಪ್ಪಾಗುತ್ತಿತ್ತು ಎಂಬುದೂ ಕಟ್ಟುಕಥೆ. ಕಪ್ಪು ಬೆಲ್ಟ್, ಅದರ ದರ್ಜೆಗಳಾದ ಡಾನ್ ಶ್ರೇಣಿ, ಬಿಳಿ ಉಡುಪು ಮೂರೂ ಕಾನೊ ಜಿಗೊರೊ ಅವರ ಜುಡೊದಿಂದ ಬಂದವು. ಓಕಿನಾವಾದ ಗುರು ಫುನಾಕೋಶಿ ಗಿಚಿನ್ ತಮ್ಮ ಕರಾಟೆ ಶಿಷ್ಯರಿಗೆ ಮೊದಲ ಡಾನ್ ಪದವಿಗಳನ್ನು ಕೊಟ್ಟದ್ದು 1924ರಲ್ಲಿ.

ಇಂಥ ತಪ್ಪುಗಳ ಬಗ್ಗೆ ನಾನು ಇಷ್ಟು ಕಟುವಾಗಿರಲು ಕಾರಣವಿದೆ. 1925ರಲ್ಲಿ ಜಪಾನಿನ ‘ಕಿಂಗು’ ಎಂಬ ಜನಪ್ರಿಯ ಪತ್ರಿಕೆ, ಓಕಿನಾವಾದ ಕರಾಟೆ ಪಟು ಮೊಟೊಬು ಚೋಕಿ ಐವತ್ತು ದಾಟಿದ ವಯಸ್ಸಿನಲ್ಲಿ ವಿದೇಶಿ ಬಾಕ್ಸರ್ ಒಬ್ಬನನ್ನು ಉರುಳಿಸಿದ ಸಂಗತಿಯನ್ನು ಪ್ರಕಟಿಸಿತು. ಲೇಖನದ ಜೊತೆಗಿದ್ದ ಚಿತ್ರಗಳಲ್ಲಿ ಮಾತ್ರ ಕಾಣಿಸುತ್ತಿದ್ದ ಮುಖ ಫುನಾಕೋಶಿಯವರದು. ಇಬ್ಬರೂ ಒಂದೇ ದ್ವೀಪದವರು, ಆದರೆ ಕರಾಟೆ ಯಾವುದಕ್ಕೆ ಎಂಬ ಪ್ರಶ್ನೆಯಲ್ಲಿ ಒಬ್ಬರಿಗೊಬ್ಬರು ಒಗ್ಗದವರು. ಹೊಡೆದಾಡಿ ಗೆದ್ದವನ ಜಾಗದಲ್ಲಿ, ಹೊಡೆದಾಟ ಬೇಡವೆಂದು ಬೋಧಿಸುತ್ತಿದ್ದವರ ಮುಖ. ಆ ಪುಟ ನೂರು ವರ್ಷಗಳ ನಂತರವೂ ಮಾತಿಗೆ ಬರುತ್ತದೆ. ಅಚ್ಚಾದ ತಪ್ಪಿಗೆ ಅಷ್ಟು ಆಯುಷ್ಯ ಇರುತ್ತದೆ. ಸಂಪಾದಕನಾಗಿ ನಾನು ಹೆದರುವುದು ಅದಕ್ಕೇ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ‘ಪರಂಪರೆಯ ಶುದ್ಧ ಕರಾಟೆಯನ್ನು ಕ್ರೀಡೆ ಕೊಂದುಹಾಕಿತು’ ಎಂದು ಐದನೆಯ ಪುಟದಿಂದ ಹನ್ನೊಂದರವರೆಗೆ ಒಂಬತ್ತು ಸಲ, ಬೇರೆ ಬೇರೆ ಮಾತುಗಳಲ್ಲಿ ಹೇಳಿದ್ದೀರಿ. ಒಂದು ಸಲವೂ ತೋರಿಸಿಲ್ಲ. ಆ ಶುದ್ಧ ಕರಾಟೆ ಯಾವ ವರ್ಷದ್ದು? 1879ರಲ್ಲಿ ರ‍್ಯೂಕ್ಯೂ ರಾಜ್ಯವೇ ಇಲ್ಲವಾಗಿ ಅದು ಜಪಾನಿನ ಒಂದು ಪ್ರಾಂತವಾಯಿತು. ಅಧಿಕಾರಿ ವರ್ಗದ ಮನೆಯಂಗಳಗಳಲ್ಲಿ ಗುಟ್ಟಾಗಿ ಕಲಿಸುತ್ತಿದ್ದ ವಿದ್ಯೆಯನ್ನು 20ನೇ ಶತಮಾನದ ಮೊದಲ ದಶಕದಲ್ಲಿ ಇತೊಸು ಆಂಕೊ ಎಂಬ ಗುರು ಶಾಲೆಗೆ ತಂದರು. ಮಕ್ಕಳಿಗೆಂದೇ ಐದು ‘ಪಿನಾನ್’ ಕಟಾಗಳನ್ನು, ಅಂದರೆ ಒಬ್ಬರೇ ಮಾಡುವ ಚಲನೆಗಳ ನಿಗದಿತ ಸರಣಿಗಳನ್ನು, ರೂಪಿಸಿದರು. ಒಬ್ಬ ಗುರು, ಒಬ್ಬ ಶಿಷ್ಯ ಎಂಬಂತಿದ್ದ ವಿದ್ಯೆ ಸಾಲಾಗಿ ನಿಂತ ಮಕ್ಕಳು ಎಣಿಕೆಗೆ ತಕ್ಕಂತೆ ಗುದ್ದುವ ಕವಾಯತಾಯಿತು. 1922ರಲ್ಲಿ ಫುನಾಕೋಶಿ ಅದನ್ನು ಟೋಕಿಯೊಗೆ ಒಯ್ದರು. ‘ಚೀನೀ ಕೈ’ ಎಂಬ ಅರ್ಥದಲ್ಲಿ ಬರೆಯುತ್ತಿದ್ದ ಹೆಸರನ್ನು, ಉಚ್ಚಾರ ಹಾಗೆಯೇ ಇಟ್ಟುಕೊಂಡು, ‘ಬರಿಗೈ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆಯತೊಡಗಿದರು. 1936ರಲ್ಲಿ ಓಕಿನಾವಾದ ನಾಹಾ ನಗರದಲ್ಲಿ ಸೇರಿದ ಗುರುಗಳು ಅದನ್ನೇ ಒಪ್ಪಿದರು. ಕ್ರೀಡಾಕೂಟಗಳು ಬರುವ ಮೊದಲೇ ಇಷ್ಟೆಲ್ಲ ಬದಲಾಗಿತ್ತು, ಬದಲಾಯಿಸಿದವರು ಗುರುಗಳೇ. ಫುನಾಕೋಶಿ ಸ್ಪರ್ಧೆಯನ್ನು ಒಪ್ಪಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಅವರ ಶಿಷ್ಯರು ಮೊದಲ ಅಖಿಲ ಜಪಾನ್ ಸ್ಪರ್ಧೆ ನಡೆಸಿದರು. ಈ ಸಂಕಟದಲ್ಲಿ ಒಂದು ಒಳ್ಳೆಯ ಲೇಖನವಿದೆ. ನಿಮ್ಮ ಬೈಗುಳದ ಅಬ್ಬರದಲ್ಲಿ ಅದರ ದನಿ ಕೇಳುವುದೇ ಇಲ್ಲ.

ಒಂಬತ್ತನೆಯ ಪುಟದಲ್ಲಿ ಒಲಿಂಪಿಕ್ಸ್ ಅನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: ‘ಹೊಡೆದವನು ಸೋತ, ಬಿದ್ದವನು ಗೆದ್ದ, ಇದಕ್ಕಿಂತ ನಾಚಿಕೆ ಇನ್ನೇನಿದೆ?’ ಇಲ್ಲಿ ನಿಲ್ಲಬೇಕಿತ್ತು. 2021ರ ಆಗಸ್ಟ್ 7, ಟೋಕಿಯೊದ ನಿಪ್ಪಾನ್ ಬುಡೊಕಾನ್, ಪುರುಷರ 75 ಕಿಲೊಗಿಂತ ಹೆಚ್ಚಿನ ತೂಕದ ಕುಮಿಟೆ, ಅಂದರೆ ಇಬ್ಬರು ಎದುರುಬದುರು ನಿಂತು ಸೆಣಸುವ ಸ್ಪರ್ಧೆಯ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಎತ್ತರದ ಒದೆ ಇರಾನಿನ ಸಜ್ಜಾದ್ ಗಂಜ್‌ಜಾದೆಗೆ ತಗುಲಿತು. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು, ಸ್ಟ್ರೆಚರ್ ಮೇಲೆ ಹೊರಗೆ ಹೋದರು. ಮಿತಿಮೀರಿದ ಪೆಟ್ಟು ಎಂದು ಹಮೇದಿಯನ್ನು ಅನರ್ಹಗೊಳಿಸಿದರು. ಚಿನ್ನ ಗೆದ್ದ ಸುದ್ದಿ ಗಂಜ್‌ಜಾದೆಗೆ ತಿಳಿದದ್ದು ಎಚ್ಚರವಾದ ಮೇಲೆ. ಕರಾಟೆ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದದ್ದು ಆ ವರ್ಷ. 2024ರ ಪ್ಯಾರಿಸ್ ಕೂಟದಲ್ಲಿ ಅದು ಇರಲಿಲ್ಲ. ಹೀಗಾಗಿ ಹಲವರ ನೆನಪಿನಲ್ಲಿ ಒಲಿಂಪಿಕ್ಸ್ ಕರಾಟೆ ಎಂದರೆ ಆ ಒಂದು ಒದೆ.

ನಿಮಗೆ ಅದು ನಾಚಿಕೆಯಾಗಿ ಕಂಡಿತು. ಆದರೆ ಆ ನಿಯಮ ಎಲ್ಲಿಂದ ಬಂತು? ಟಿವಿಯವರು, ಪ್ರಾಯೋಜಕರು ತಂದದ್ದಲ್ಲ ಅದು. ಪೂರ್ಣ ಬಲದಿಂದ ಹೊರಟ ಗುದ್ದನ್ನು ಚರ್ಮದ ಹತ್ತಿರ ನಿಲ್ಲಿಸುವ ‘ಸುಂದೊಮೆ’ ಅಭ್ಯಾಸಮಂದಿರವಾದ ಡೋಜೊದೊಳಗೇ ಬೆಳೆದದ್ದು. ಇಂದು ಮೂಗು ಮುರಿಸಿಕೊಂಡವನು ನಾಳೆ ಅಭ್ಯಾಸಕ್ಕೆ ಬರುವುದಿಲ್ಲ. ಜೊತೆಗಾರನಿಲ್ಲದೆ ಯಾರೂ ಕಲಿಯುವುದಿಲ್ಲ. ಅಂದು ರೆಫರಿ ಎತ್ತಿಹಿಡಿದದ್ದು ಈ ತಿಳಿವಳಿಕೆಯನ್ನೇ.

ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಏಕೆಂದರೆ ಏಳನೆಯ ಪುಟದಲ್ಲಿ ನೀವೇ ಹೀಗೆ ಬರೆದಿದ್ದೀರಿ: ಜೋಡಿ ಅಭ್ಯಾಸದಲ್ಲಿ ಗೆಳೆಯನ ಮೂಗಿನಿಂದ ಒಂದು ಬೆರಳು ದೂರದಲ್ಲಿ ನಿಲ್ಲಬೇಕಿದ್ದ ನಿಮ್ಮ ಗುದ್ದು ಅಂದು ನಿಲ್ಲಲಿಲ್ಲ, ಅವನು ಅರ್ಧ ಹೆಜ್ಜೆ ಮುಂದೆ ಬಂದಿದ್ದ. ತುಟಿ ಒಡೆಯಿತು. ಗುರುಗಳು ಬೈಯಲಿಲ್ಲ. ರಕ್ತ ಒರೆಸಿದರು, ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು, ವಂದಿಸಿ ಎಂದರು, ಅದೇ ಗುದ್ದನ್ನು ಮತ್ತೆ ಹೊಡೆ ಎಂದರು. ನಿಮ್ಮ ಕೈ ಏಳಲಿಲ್ಲ.

ಇದಾದ ಕೂಡಲೇ ‘ಅದಿರಲಿ, ವಿಷಯಕ್ಕೆ ಬರೋಣ’ ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ವಿಷಯ ಅದೇ! ಸಮರಕ್ಕೂ ಆಟಕ್ಕೂ ನಡುವಿನ ಗೆರೆ ಯಾವುದೋ ಕಾಲದಲ್ಲಿ, ಯಾವುದೋ ದೇಶದಲ್ಲಿ ಇಲ್ಲ. ಅದು ನಿಮ್ಮ ಮುಷ್ಟಿಗೂ ಗೆಳೆಯನ ತುಟಿಗೂ ನಡುವೆ ಇದ್ದ ಆ ಒಂದು ಬೆರಳಿನಷ್ಟು ಜಾಗದಲ್ಲಿತ್ತು. ನೀವು ಅದನ್ನು ದಾಟಿದಿರಿ, ಗೆದ್ದೆನೆಂದು ನಿಮಗೆ ಅನಿಸಲಿಲ್ಲ. ಒಂಬತ್ತನೆಯ ಪುಟದಲ್ಲಿ ಹಮೇದಿಯ ಪರವಾಗಿ ಕೋಪಗೊಂಡವರೂ ನೀವೇ, ಏಳನೆಯ ಪುಟದಲ್ಲಿ ಕೈ ಎತ್ತಲಾಗದೆ ನಿಂತವರೂ ನೀವೇ. ಈ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಲೇಖನಕ್ಕೆ ಜೀವ ಬರುತ್ತದೆ.

ನಿಮ್ಮ ವಾದದಲ್ಲಿ ಸತ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಸಲ ಗುರಿಯ ಮುಂದೆ ನಿಂತ ಕೈ, ಬೇಕಾದ ದಿನವೂ ನಿಂತುಬಿಡಬಹುದು. ಪ್ರತಿಯೊಂದು ನಿಯಮವೂ ದೇಹದ ಮೇಲೆ ತನ್ನ ಗುರುತು ಬಿಡುತ್ತದೆ. ಈಗಿನ ಕುಮಿಟೆಯಲ್ಲಿ ಗುದ್ದಿಗೆ ಒಂದು ಅಂಕ, ಹೊಟ್ಟೆ ಬೆನ್ನಿಗೆ ಬಿದ್ದ ಒದೆಗೆ ಎರಡು, ತಲೆಗೆ ಮುಟ್ಟಿಸಿದ ಒದೆಗೆ ಮೂರು. ಹಾಗಾಗಿ ಆಟಗಾರರು ದೂರ ನಿಂತು ಪುಟಿಯುತ್ತಾರೆ, ಮಿಂಚಿನಂತೆ ಒಳಬಂದು ಮುಟ್ಟಿ ಹೊರಗೆ ಹೋಗುತ್ತಾರೆ. ಪೂರ್ಣ ಬಲದ ಹೊಡೆತಕ್ಕೆ ಹೆಸರಾದ, ಓಯಾಮಾ ಮಸುತಾತ್ಸು ಕಟ್ಟಿದ ಕ್ಯೋಕುಶಿನ್ ಪಂಥವನ್ನು ನೀವು ‘ನಿಜವಾದ ಕಾಳಗ’ ಎಂದು ಹೊಗಳಿದ್ದೀರಿ. ಅಲ್ಲಿ ಎದೆ, ಹೊಟ್ಟೆ, ತೊಡೆಗೆ ಬೀಳುವ ಪೆಟ್ಟು ನಿಜವಾದದ್ದೇ. ಆದರೆ ಸ್ಪರ್ಧೆಯಲ್ಲಿ ಮುಖಕ್ಕೆ ಗುದ್ದುವಂತಿಲ್ಲ. ಹಾಗಾಗಿ ಎದೆಗೆ ಎದೆ ತಾಗುವಷ್ಟು ಹತ್ತಿರ, ಮುಖ ತೆರೆದಿಟ್ಟು ನಿಲ್ಲುವ ರೂಢಿ ಬೆಳೆಯುತ್ತದೆ. ಅದೂ ಒಂದು ನಿಯಮ, ಅದಕ್ಕೂ ಒಂದು ಬೆಲೆಯಿದೆ.

ಕಾಳಗದಲ್ಲಿ ಏನಿರುವುದಿಲ್ಲ ಎಂದು ಯೋಚಿಸಿ ನೋಡಿ. ‘ಹಾಜಿಮೆ’ ಎಂದು ಆರಂಭಿಸುವವರಿಲ್ಲ, ‘ಯಾಮೆ’ ಎಂದು ನಿಲ್ಲಿಸುವವರಿಲ್ಲ. ಎಂಟು ಮೀಟರಿನ ಚೌಕವಿಲ್ಲ, ಸಮಾನ ತೂಕವಿಲ್ಲ, ಎದುರಾಳಿ ಒಬ್ಬನೇ ಎಂಬ ಭರವಸೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಗೆಲ್ಲಬೇಕಾಗಿಯೇ ಇಲ್ಲ. ಪೆಟ್ಟಾಗದೆ ಮನೆ ಸೇರಿದರೆ ಕೆಲಸ ಮುಗಿಯಿತು. ಇತೊಸು 1908ರಲ್ಲಿ ಬರೆದ ಪತ್ರದಲ್ಲಿ ಈ ಅರ್ಥದ ಮಾತಿದೆ: ಈ ವಿದ್ಯೆ ಒಬ್ಬ ಎದುರಾಳಿಯೊಂದಿಗೆ ಸೆಣಸಲು ಇರುವುದಲ್ಲ, ದುಷ್ಟನೊಬ್ಬ ಮೇಲೆ ಬಿದ್ದಾಗ ಗಾಯವಾಗದಂತೆ ಪಾರಾಗಲು ಇರುವುದು. ‘ಕರಾಟೆಯಲ್ಲಿ ಮೊದಲ ಏಟಿಲ್ಲ’ ಎಂಬ ಫುನಾಕೋಶಿಯವರ ಸೂತ್ರವನ್ನು ನೀವು ಗೋಡೆಬರಹದಂತೆ ಉಲ್ಲೇಖಿಸಿದ್ದೀರಿ. ಅದನ್ನು ಹತ್ತನೆಯ ಪುಟದ ನಿಮ್ಮದೇ ಅನುಭವದ ಪಕ್ಕದಲ್ಲಿಟ್ಟು ಓದಿದ್ದೀರಾ?

‘ಒಂದು ರಾತ್ರಿ ಯಾರೋ ನನ್ನ ಕೊರಳಪಟ್ಟಿ ಹಿಡಿದಾಗ ಹನ್ನೆರಡು ವರ್ಷ ಕಲಿತದ್ದೆಲ್ಲ ಮರೆತುಹೋಯಿತು, ಹೇಗೋ ಬಿಡಿಸಿಕೊಂಡು ಓಡಿದೆ.’ ಈ ಸಾಲನ್ನು ಕ್ರೀಡಾ ಕರಾಟೆ ನಿಷ್ಪ್ರಯೋಜಕ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದೀರಿ, ಅದೂ ತಲೆತಗ್ಗಿಸಿ. ನಾನು ಬೇರೆ ರೀತಿ ಓದಿದೆ. ನಿಮ್ಮ ಕುಮಿಟೆ ಅಭ್ಯಾಸವೆಲ್ಲ ಒಂದು ದೊಡ್ಡ ಹೆಜ್ಜೆಯ ದೂರದಲ್ಲಿ ನಡೆದದ್ದು. ಕೊರಳಪಟ್ಟಿ ಹಿಡಿದವನು ಅದಕ್ಕಿಂತ ಬಹಳ ಹತ್ತಿರದಲ್ಲಿದ್ದ; ಆ ದೂರ ನಿಮ್ಮ ಕಣ್ಣಿಗೆ ಹೊಸದು. ಆದರೆ ಕೈಗೆ ಹೊಸದಾಗಿತ್ತೇ? ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವ ‘ಹಿಕಿತೆ’ಯನ್ನು ಎಷ್ಟು ಸಾವಿರ ಸಲ ಮಾಡಿದ್ದೀರಿ! ಬಲ ಹೆಚ್ಚಲಿ ಎಂದು ಎಳೆಯುತ್ತೇವೆ ಎಂದು ಹೇಳಿಕೊಡುವುದು ವಾಡಿಕೆ. ಆ ಕೈ ಬರಿದಾಗಿ ಹಿಂದೆ ಬರುವುದಿಲ್ಲ, ಎದುರಾಳಿಯ ಮಣಿಕಟ್ಟನ್ನೋ ತೋಳನ್ನೋ ಹಿಡಿದು ಎಳೆದುಕೊಂಡು ಬರುತ್ತದೆ ಎಂದು ಕಟಾದ ಒಳಗನ್ನು ಬಿಡಿಸಿ ನೋಡುವ ‘ಬುಂಕಾಯ್’ ಅಭ್ಯಾಸ ತೋರಿಸುತ್ತದೆ. ‘ಕಟಾ ಎಂದರೆ ಕಾಲ್ಪನಿಕ ಶತ್ರುಗಳೊಂದಿಗೆ ಯುದ್ಧ’ ಎಂಬ ನಿಮ್ಮ ವಾಕ್ಯ ಎಲ್ಲಿಂದಲೋ ಎತ್ತಿದ್ದು. ಅದನ್ನು ಹೊಡೆದುಹಾಕಿ. ಆ ಜಾಗದಲ್ಲಿ ನೀವು ಅತಿ ಹೆಚ್ಚು ಸಲ ಮಾಡಿದ ಒಂದು ಕಟಾವನ್ನು ತೆಗೆದುಕೊಂಡು, ಅದರ ಒಂದೇ ಒಂದು ಚಲನೆಯನ್ನು, ಪಾದದಿಂದ ಮುಷ್ಟಿಯವರೆಗೆ, ಅಭ್ಯಾಸ ಮಾಡದವರಿಗೂ ಕಾಣುವಂತೆ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಅಪ್ರತಿಮ’, ‘ಮಹೋನ್ನತ’, ‘ಅನಾದಿಕಾಲದಿಂದ’ ಇವು ನಿಮ್ಮ ಪದಗಳಲ್ಲ. ಏಳನೆಯ ಪುಟದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಜಪಾನೀ ಪದ ಬಂದಲ್ಲೆಲ್ಲ ಕಂಸ ಹಾಕಿ ಅರ್ಥ ಕೊಡುವುದು ಬೇಡ, ದೇಹ ಏನು ಮಾಡುತ್ತದೆ ಎಂದು ಹೇಳಿದರೆ ಅರ್ಥ ತಾನಾಗಿ ಬರುತ್ತದೆ.

ಒಡೆದ ತುಟಿಯಿಂದ ಆರಂಭಿಸಿ ಹೊಸದಾಗಿ ಬರೆಯಿರಿ. ಹನ್ನೊಂದು ಪುಟ ಬೇಡ, ಐದು ಸಾಕು. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ, ಅವಸರವಿಲ್ಲ. ಕೊರಳಪಟ್ಟಿಯ ಸಾಲಿನಲ್ಲಿರುವ ‘ಹೇಗೋ’ ಎಂಬ ಪದವನ್ನು ಮಾತ್ರ ನಾನು ಹಾಗೆ ಬಿಡುವುದಿಲ್ಲ. ಅವನು ಹಿಡಿದದ್ದು ಎಡಗೈಯಿಂದಲೋ ಬಲಗೈಯಿಂದಲೋ, ಓಡುವ ಮೊದಲು ನಿಮ್ಮ ಕೈ ಎಲ್ಲಿತ್ತು, ಅದು ಯಾವುದನ್ನು ಹಿಡಿದು ಯಾವ ಕಡೆಗೆ ಎಳೆಯಿತು? ಕಣ್ಣುಮುಚ್ಚಿ ನೆನಪಿಸಿಕೊಂಡು ನನಗೆ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ